ಮೂಗಿನ ಒಳಗನ್ನು ಮೊದಲು ನೋಡಿದ ವೈದ್ಯರು

ನಾನು 1996ರ ಜನವರಿಯಲ್ಲಿ, ಆಗಿನ್ನೂ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾಗಲಕೋಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಎಡಗಡೆ ಸೀಳಿದ ತುಟಿಯೊಂದಿಗೆ ಹುಟ್ಟಿದೆ. ಸೀಳು ತುಟಿಯನ್ನು ದಾಟಿ ಮೇಲಿನ ಒಸಡಿನ ಎಲುಬಿನವರೆಗೂ ಹೋಗಿತ್ತು. ಅಂಗುಳ ಮಾತ್ರ ಇಡಿಯಾಗಿದ್ದುದರಿಂದ ನನ್ನ ಮಾತಿಗೆ ತೊಂದರೆಯಾಗಲಿಲ್ಲ. ಕೂಸಾಗಿದ್ದಾಗಲೇ ತುಟಿಯನ್ನು ಹೊಲಿದರು. ಆ ಹೊಲಿಗೆ ಚೆನ್ನಾಗಿಯೇ ಕೂಡಿಕೊಂಡಿತಾದರೂ ಬೆಳೆಯುತ್ತ ಹೋದಂತೆ ನನ್ನ ಎಡ ಹೊಳ್ಳೆ ಚಪ್ಪಟೆಯಾಗಿ ಕೆನ್ನೆಯ ಕಡೆಗೆ ಎಳೆದುಕೊಂಡಿತು, ಎರಡು ಹೊಳ್ಳೆಗಳ ನಡುವಿನ ಕಂಬ ಓರೆಯಾಯಿತು, ತುಟಿಯ ಅಂಚಿನಲ್ಲಿ ಸಣ್ಣದೊಂದು ಕಚ್ಚು ಉಳಿಯಿತು. 2023ರಲ್ಲಿ ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಮೂಗಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆ ವೈದ್ಯರನ್ನು ಹೇಗೆ ಆರಿಸಿಕೊಂಡೆ, ಏನೇನು ಕೇಳಿದೆ, ಆಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಇಂಥ ಮುಖವನ್ನು ಹೊತ್ತು ಓಡಾಡುವವರು ಬಹಳ ಮಂದಿ ಇದ್ದಾರೆ. ಸುಮಾರು 700 ಜನನಗಳಲ್ಲಿ ಒಂದು ಮಗುವಿಗೆ ಸೀಳು ಇರುತ್ತದೆಂದು ವೈದ್ಯರು ಹೇಳುತ್ತಾರೆ. ಆದರೆ ದೊಡ್ಡವರಾದ ಮೇಲೂ ಇದಕ್ಕೆ ಚಿಕಿತ್ಸೆಯಿದೆ ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿಲ್ಲ.

ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲು ಗ್ರಹಣದ ಮಾತನ್ನು ಹೇಳಲೇಬೇಕು. 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಬಂದ ಸೂರ್ಯಗ್ರಹಣದ ದಿನ ಅವ್ವ ಈಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚಿದಳೆಂದೂ ಅದಕ್ಕೇ ಕೂಸಿನ ತುಟಿ ಹರಿಯಿತೆಂದೂ ಮನೆಯ ಹಿರಿಯರೆಲ್ಲ ನಂಬಿದ್ದರು. ಅವ್ವ ಆ ಆರೋಪವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಬಾಯಿಮುಚ್ಚಿಕೊಂಡು ಹೊತ್ತಳು. ಬೆಳಗಾವಿಯ ವೈದ್ಯರು ನನ್ನ ಜನ್ಮದಿನಾಂಕವನ್ನು ಬರೆದುಕೊಳ್ಳುತ್ತಲೇ ಆಕೆಗೆ ಲೆಕ್ಕ ಹಾಕಿ ತೋರಿಸಿದರು. ಮಗುವಿನ ಮೇಲ್ದುಟಿ ಗರ್ಭದ ನಾಲ್ಕನೆಯ ವಾರದಿಂದ ಏಳನೆಯ ವಾರದ ನಡುವೆ ಕೂಡಿಕೊಳ್ಳುತ್ತದೆ; ಕೂಡಬೇಕಾದದ್ದು ಕೂಡದೆ ಉಳಿದರೆ ಸೀಳು ಆಗ ಉಂಟಾಗುತ್ತದೆ. ಜನವರಿಯಲ್ಲಿ ಹುಟ್ಟಿದ ನನ್ನ ತುಟಿ ಅಕ್ಟೋಬರಿನ ಗ್ರಹಣಕ್ಕೆ ತಿಂಗಳುಗಳಷ್ಟು ಮೊದಲೇ ಸೀಳಿತ್ತು. ಅವ್ವ ಏನೂ ಮಾತಾಡಲಿಲ್ಲ, ಆದರೆ ಮನೆಗೆ ಬಂದ ದಿನವೇ ಈ ಲೆಕ್ಕವನ್ನು ಅಜ್ಜಿಗೆ ತಿಂಗಳು ಎಣಿಸಿ ಹೇಳಿದಳು. ನನ್ನ ಮೂಗು ಸರಿಯಾಗದೇ ಹೋಗಿದ್ದರೂ ಆ ಆಸ್ಪತ್ರೆಗೆ ಹೋದದ್ದು ಸಾರ್ಥಕವೆಂದು ನನಗೆ ಅನ್ನಿಸಿದ ಗಳಿಗೆ ಅದು.

ಬಾಗಲಕೋಟೆಯ ನವನಗರದಲ್ಲಿರುವ ಒಂದು ಪತ್ತಿನ ಸಹಕಾರಿ ಸಂಘದ ಕೌಂಟರಿನಲ್ಲಿ ನಾನು ಕೆಲಸ ಮಾಡುತ್ತೇನೆ. ದಿನವಿಡೀ ಜನರ ಎದುರು ಮುಖ ಕೊಟ್ಟು ಕೂರುವ ಕೆಲಸವಾದ್ದರಿಂದ ನನ್ನ ತುಟಿ ಮೂಗುಗಳ ಮೇಲೆ ಬಿದ್ದು, ತಟ್ಟನೆ ಪಕ್ಕಕ್ಕೆ ಸರಿಯುವ ಕಣ್ಣುಗಳನ್ನು ನಾನು ಚೆನ್ನಾಗಿ ಬಲ್ಲೆ. ಇದರ ಜೊತೆಗೆ ಎಡ ಹೊಳ್ಳೆಯಲ್ಲಿ ಉಸಿರು ಸರಿಯಾಗಿ ಆಡುತ್ತಿರಲಿಲ್ಲ. ರಾತ್ರಿ ಬಾಯಿ ತೆರೆದೇ ಮಲಗಬೇಕಾಗಿತ್ತು, ಬೆಳಿಗ್ಗೆ ಗಂಟಲು ಒಣಗಿ ಎದ್ದೇಳುತ್ತಿದ್ದೆ. ಸಂಬಂಧಿಕರಲ್ಲಿ ಕೆಲವರು ‘ಉಸಿರಾಟಕ್ಕಾದರೆ ಮಾಡಿಸಿಕೋ, ಚಂದಕ್ಕಾದರೆ ಬೇಡ’ ಎಂದು ಬುದ್ಧಿ ಹೇಳಿದರು. ಈ ವಿಂಗಡಣೆಯನ್ನು ನಾನು ಎಂದೂ ಒಪ್ಪಲಿಲ್ಲ. ತನ್ನ ಮುಖ ತನಗೆ ನೆಮ್ಮದಿ ಕೊಡಬೇಕೆಂದು ಬಯಸುವುದು ಹಗುರಾದ ಆಸೆಯಲ್ಲ. ಅದಲ್ಲದೆ ಸೀಳುತುಟಿಯ ಮೂಗಿನಲ್ಲಿ ಹೊರಗಿನ ಓರೆಯೂ ಒಳಗಿನ ಅಡಚಣೆಯೂ ಒಂದೇ ಕಾರಣದಿಂದ ಬಂದವು, ಒಂದನ್ನು ಬಿಟ್ಟು ಇನ್ನೊಂದನ್ನು ತಿದ್ದಲು ಹೊರಟರೆ ಎರಡೂ ಕೆಡುತ್ತವೆ. ಇದನ್ನು ಅರಿತ ವೈದ್ಯರು ಸಿಗುವವರೆಗೆ ಹುಡುಕಿದ್ದೇ ನನ್ನ ಅನುಭವದ ಮುಖ್ಯ ಭಾಗ.

ಮನೆಯಲ್ಲಿ ಹೆದರಿಕೆಯೂ ಇತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಕಿರುತೆರೆ ನಟಿ ಚೇತನಾ ರಾಜ್ ತಮ್ಮ 21ನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಎಲ್ಲ ಟಿ.ವಿ. ವಾಹಿನಿಗಳಲ್ಲೂ ಬಂದಿತ್ತು. “ಚಂದ ಆಗಾಕ ಹೋಗಿ ಜೀವಾ ಕಳಕೊಂಡ್ಲು ನೋಡವಾ, ಆ ಹುಡುಗಿ. ನಿನಗ ಏನ್ ಕಡಿಮಿ ಆಗೈತಿ?” ಎಂದು ಅವ್ವ ಅತ್ತಳು. ಅವಳ ಭಯವನ್ನು ತಳ್ಳಿಹಾಕುವ ಮನಸ್ಸು ನನಗಾಗಲಿಲ್ಲ. ನಾನು ಮುಂದೆ ಎಲ್ಲ ವೈದ್ಯರನ್ನೂ ಕೇಳಿದ ಮೊದಲ ಪ್ರಶ್ನೆ ಅವಳ ಆ ಭಯದಿಂದಲೇ ಹುಟ್ಟಿತು: ಅರಿವಳಿಕೆ ಕೊಡುವ ತಜ್ಞರು ಯಾರು, ಶಸ್ತ್ರಚಿಕಿತ್ಸೆ ನಡೆಯುವ ಕಟ್ಟಡದಲ್ಲಿಯೇ ತೀವ್ರ ನಿಗಾ ಘಟಕವಿದೆಯೇ, ಇಲ್ಲವಾದರೆ ರಾತ್ರಿ ಏನಾದರೂ ಹೆಚ್ಚುಕಡಿಮೆಯಾದಾಗ ನನ್ನನ್ನು ಎಲ್ಲಿಗೆ ಸಾಗಿಸುತ್ತೀರಿ? ಈ ಪ್ರಶ್ನೆಗೆ ಮುಖ ಗಂಟಿಕ್ಕಿದವರ ಕಡೆ ನಾನು ಮತ್ತೆ ಹೋಗಲಿಲ್ಲ.

ಮೊದಲು ಹೋದದ್ದು ದೊಡ್ಡ ಊರೊಂದರ ಸೌಂದರ್ಯ ಚಿಕಿತ್ಸಾ ಕೇಂದ್ರಕ್ಕೆ. ಅಲ್ಲಿ ಮೊದಲು ಭೇಟಿಯಾದವರು ವೈದ್ಯರಲ್ಲ, ಸಲಹೆಗಾರ್ತಿ. ಆಕೆ ನನ್ನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಮೂಗನ್ನು ತಿದ್ದಿ, ಗುರುತೇ ಸಿಗದಷ್ಟು ನೇರವಾದ ಮೂಗಿನ ನನ್ನನ್ನು ನನಗೇ ತೋರಿಸಿದರು. ತಿಂಗಳ ಕೊನೆಯೊಳಗೆ ಮುಂಗಡ ಕಟ್ಟಿದರೆ ಪ್ಯಾಕೇಜಿನಲ್ಲಿ ರಿಯಾಯಿತಿ ಎಂದರು. ಆಮೇಲೆ ಬಂದ ವೈದ್ಯರು ಪರದೆಯ ಮೇಲಿನ ಚಿತ್ರವನ್ನೇ ನೋಡಿ, ಮೂಗಿನ ದಿಂಡಿನೊಳಗೆ ಸಿಲಿಕಾನ್ ತುಂಡೊಂದನ್ನು ಕೂರಿಸಿದರೆ ಸಾಕು, ಸಂಜೆಯೇ ಮನೆಗೆ ಹೋಗಬಹುದು ಎಂದು ತಿಳಿಸಿದರು. ನನ್ನ ಹೊಳ್ಳೆಯ ಒಳಗೆ ಯಾರೂ ಬೆಳಕು ಬಿಟ್ಟು ನೋಡಲಿಲ್ಲ. ಬಾಯಿ ತೆರೆಯಲು ಹೇಳಲಿಲ್ಲ. ಉಸಿರಾಟದ ಬಗ್ಗೆ ಕೇಳಲಿಲ್ಲ.

ಸಾಲದ ಅರ್ಜಿ ಬಂದಾಗ ಜಮೀನಿನ ಉತಾರವನ್ನೂ ಜಾಮೀನುದಾರರ ಕಾಗದಗಳನ್ನೂ ಪರಿಶೀಲಿಸುವುದು ನನ್ನ ದಿನನಿತ್ಯದ ಕೆಲಸ. ಅದೇ ರೂಢಿಯಿಂದ ಆ ವೈದ್ಯರ ಹೆಸರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಜಾಲತಾಣದಲ್ಲಿ ಹುಡುಕಿದೆ. ಎಂ.ಬಿ.ಬಿ.ಎಸ್. ನೋಂದಣಿ ಇತ್ತು, ಕರಪತ್ರದಲ್ಲಿ ಹೆಸರಿನ ಮುಂದೆ ಉದ್ದಕ್ಕೆ ಅಚ್ಚಾಗಿದ್ದ ಉಳಿದ ಅಕ್ಷರಗಳಿಗೆ ಸಂಬಂಧಿಸಿದ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ ಯಾವುದೂ ಅಲ್ಲಿ ಕಾಣಲಿಲ್ಲ. ಓದುಗರಿಗೆ ಈ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕೆನಿಸುತ್ತದೆ. ಪ್ಲಾಸ್ಟಿಕ್ ಸರ್ಜನ್ ಆಗಲು ಸಾಮಾನ್ಯವಾಗಿ ಎಂ.ಬಿ.ಬಿ.ಎಸ್. ಬಳಿಕ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್., ಅದಾದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಮೂರು ವರ್ಷದ ಎಂ.ಸಿಎಚ್. ಅಥವಾ ಡಿಆರ್.ಎನ್.ಬಿ. (ಹಿಂದಿನ ಹೆಸರು ಡಿ.ಎನ್.ಬಿ.) ಓದಬೇಕಾಗುತ್ತದೆ. ಕೆಲವು ದಿನಗಳ, ಕೆಲವು ತಿಂಗಳುಗಳ ಸೌಂದರ್ಯ ಚಿಕಿತ್ಸೆಯ ಪ್ರಮಾಣಪತ್ರಗಳು ಇದಕ್ಕೆ ಸಾಟಿಯಲ್ಲ. ಹಾಗೆಂದು ಮೂಗನ್ನು ಪ್ಲಾಸ್ಟಿಕ್ ಸರ್ಜನ್ನರೇ ಮುಟ್ಟಬೇಕೆಂದೇನೂ ಇಲ್ಲ; ಕಿವಿ-ಮೂಗು-ಗಂಟಲು ತಜ್ಞರಲ್ಲಿಯೂ, ದಂತ ವೈದ್ಯಕೀಯದಿಂದ ಬಂದ ಬಾಯಿ-ದವಡೆ ಶಸ್ತ್ರಚಿಕಿತ್ಸಕರಲ್ಲಿಯೂ ಸೀಳುತುಟಿಯ ಕೆಲಸದಲ್ಲಿ ಪಳಗಿದವರಿದ್ದಾರೆ. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ, ಔಷಧಿ ಚೀಟಿಯಲ್ಲಿ, ಹಣದ ರಸೀದಿಯಲ್ಲಿ ತೋರಿಸಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳೇ ಹೇಳುತ್ತವೆ. ಆದ್ದರಿಂದ ಆ ಸಂಖ್ಯೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.

ಎರಡನೆಯದಾಗಿ ವಿಜಯಪುರದ ಹಿರಿಯ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆ. ಅವರ ಬಾಗಿಲಲ್ಲಿ ಒಲೆಯ ಬೆಂಕಿಗೆ ಸುಟ್ಟುಕೊಂಡವರು, ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ರೈತರು ಸಾಲಾಗಿ ಕುಳಿತಿದ್ದರು. ನನ್ನ ಮೂಗನ್ನು ನೋಡಿ, ಕೇಂದ್ರದವರು ಹೇಳಿದ ಸಿಲಿಕಾನಿನ ವಿಚಾರ ಕೇಳಿ ಅವರು ತಲೆಯಾಡಿಸಿದರು. ಹಳೆಯ ಗಾಯದಿಂದ ಬಿಗಿದುಕೊಂಡ ಚರ್ಮದ ಕೆಳಗೆ ಹೊರಗಿನ ವಸ್ತುವನ್ನು ಇಟ್ಟರೆ ಅದು ಸೋಂಕು ತಗುಲಿ ಚರ್ಮವನ್ನು ಸೀಳಿಕೊಂಡು ಹೊರಬರುವ ಅಪಾಯವಿದೆ, ನನ್ನ ದೇಹದ್ದೇ ಮೃದ್ವಸ್ಥಿ, ಎಂದರೆ ಬಾಗುವ ಮೆತ್ತನೆಯ ಎಲುಬು, ಬೇಕು ಎಂದು ವಿವರಿಸಿದರು. ಬಳಿಕ ಅವರು ಆಡಿದ ಮಾತು ನನಗೆ ಇಡೀ ಹುಡುಕಾಟದಲ್ಲಿ ಸಿಕ್ಕ ದೊಡ್ಡ ಉಪಕಾರ: “ತಂಗೀ, ಇದನ್ನ ನಾನೂ ಮಾಡಬಹುದು. ಆದರ ವರ್ಷಕ್ಕ ಒಂದೆರಡು ಮಾಡಾವ್ರಕಿಂತ ತಿಂಗಳಿಗೆ ನಾಕೈದು ಮಾಡಾವ್ರ ಕೈಯಾಗ ನಿನ್ನ ಮೂಗು ಕೊಡೂದು ಛಲೋ.” ಅವರೇ ಬೆಳಗಾವಿಯ ವೈದ್ಯರ ಹೆಸರನ್ನು ಬರೆದುಕೊಟ್ಟರು, ಶುಲ್ಕ ತೆಗೆದುಕೊಳ್ಳಲಿಲ್ಲ. ತನಗೆ ಬರುವ ರೋಗಿಯನ್ನು ಇನ್ನೊಬ್ಬರ ಕಡೆ ಕಳಿಸುವ ಆ ಧೈರ್ಯಕ್ಕೆ ನಾನು ಇಂದಿಗೂ ಕೃತಜ್ಞಳು.

ಬೆಳಗಾವಿಯಲ್ಲಿ ನಾನು ಮೊಬೈಲಿನಲ್ಲಿದ್ದ ಫೋಟೋಗಳನ್ನು ತೋರಿಸಲು ಹೊರಟಾಗ ವೈದ್ಯರು ಕೈಯೆತ್ತಿ ತಡೆದರು. “ಫೋಟೋ ಆಮ್ಯಾಲೆ ನೋಡೂಣ್ರಿ, ಮೊದಲ ಉಸಿರು ನೋಡೂಣು” ಎಂದರು. ತಣ್ಣನೆಯ ಲೋಹದ ಪಟ್ಟಿಯನ್ನು ಹೊಳ್ಳೆಗಳ ಕೆಳಗೆ ಹಿಡಿದು ಉಸಿರು ಬಿಡಲು ಹೇಳಿ, ಬಲಗಡೆ ಅಗಲವಾಗಿ ಮಂಜುಗಟ್ಟಿದ ಗುರುತನ್ನೂ ಎಡಗಡೆಯ ಚಿಕ್ಕ ಗುರುತನ್ನೂ ನನಗೇ ತೋರಿಸಿದರು. ಕೆನ್ನೆಯನ್ನು ಬೆರಳಿನಿಂದ ಮೆಲ್ಲನೆ ಪಕ್ಕಕ್ಕೆ ಎಳೆದು ಈಗ ಉಸಿರು ಸಲೀಸಾಯಿತೇ ಎಂದು ಕೇಳಿದರು, ಆಯಿತು. ಹೊಳ್ಳೆಯನ್ನು ಅಗಲಿಸುವ ಉಪಕರಣ ಹಾಕಿ ಬೆಳಕು ಬಿಟ್ಟು, ನಡುಗೋಡೆ ಎಲ್ಲಿ ಬಾಗಿದೆಯೆಂದು ಕಾಗದದ ಮೇಲೆ ಬಿಡಿಸಿದರು. ಅನಂತರ ಬಾಯಿ ತೆರೆಸಿ ಎಡಗಡೆಯ ಒಸಡನ್ನು ಒತ್ತಿ ನೋಡಿದರು. ಎಂಟರಿಂದ ಹನ್ನೊಂದು ವರ್ಷದ ನಡುವೆ, ಕೋರೆಹಲ್ಲು ಹುಟ್ಟುವ ಮೊದಲು, ಒಸಡಿನ ಸೀಳಿಗೆ ಸೊಂಟದ ಎಲುಬಿನ ತಿರುಳನ್ನು ತುಂಬುವ ಶಸ್ತ್ರಚಿಕಿತ್ಸೆಯೊಂದಿದೆಯಂತೆ. ಅದು ನನಗೆ ಆಗಿಲ್ಲವೆಂದು ಅವರು ಒಸಡು ಮುಟ್ಟಿಯೇ ಹೇಳಿದರು. ಅಂಥದೊಂದು ಚಿಕಿತ್ಸೆಯಿದೆಯೆಂದು ನಮಗೆ ಯಾರೂ ತಿಳಿಸಿರಲಿಲ್ಲ. “ಕಂಬದ ಬುಡಕ್ಕ ನೆಲಾ ಕುಸಿದಿದ್ರ, ಮ್ಯಾಲಿನ ತೊಲಿ ಎಷ್ಟ್ ನೆಟ್ಟಗ ಮಾಡಿದ್ರೂ ನಿಲ್ಲಂಗಿಲ್ರಿ” ಎಂದು ಅವರು ಅವ್ವನಿಗೆ ತಿಳಿಯುವ ಹಾಗೆ ಹೇಳಿದರು. ದವಡೆಯ ಸ್ಕ್ಯಾನ್ ಮಾಡಿಸಲು ಬಾಯಿ-ದವಡೆ ತಜ್ಞರ ಕಡೆ ಕಳಿಸಿ, ಅವರ ಅಭಿಪ್ರಾಯ ಬಂದ ಮೇಲೆಯೇ ಮುಂದಿನ ಮಾತು ಎಂದರು.

ಸ್ಕ್ಯಾನ್ ಬಂದ ಮೇಲೆ ಅವರು ಮುಂದಿಟ್ಟ ಯೋಜನೆ ಹೀಗಿತ್ತು. ಬಲಗಡೆಯ ಪಕ್ಕೆಲುಬಿನ ತುದಿಯಿಂದ ಮೃದ್ವಸ್ಥಿಯ ತುಂಡನ್ನು ತೆಗೆಯುವುದು. ಅದರ ಒಂದು ಭಾಗವನ್ನು ಎಡ ಹೊಳ್ಳೆಯ ಬುಡದಲ್ಲಿ ಕುಸಿದ ಎಲುಬಿನ ಮೇಲೆ ಇಟ್ಟು ಎತ್ತರಿಸುವುದು. ಇನ್ನೊಂದು ಭಾಗದಿಂದ ಹೊಳ್ಳೆಗಳ ನಡುವಿನ ಕಂಬಕ್ಕೆ ಊರೆ ಕೊಡುವುದು. ಬಾಗಿದ ನಡುಗೋಡೆಯನ್ನು ನೇರಗೊಳಿಸುವುದು. ತುಟಿಯ ಕಚ್ಚನ್ನೂ ಅದೇ ಹೊತ್ತಿಗೆ ತಿದ್ದುವುದು. ಇಂಥ ಪೂರ್ಣ ಪ್ರಮಾಣದ ಮೂಗಿನ ಶಸ್ತ್ರಚಿಕಿತ್ಸೆಯನ್ನು ಮುಖದ ಬೆಳವಣಿಗೆ ಮುಗಿಯುವವರೆಗೆ, ಎಂದರೆ ಹುಡುಗಿಯರಲ್ಲಿ ಹದಿನೈದು ಹದಿನಾರು ವರ್ಷ, ಹುಡುಗರಲ್ಲಿ ಇನ್ನೂ ಒಂದೆರಡು ವರ್ಷ ಹೆಚ್ಚು ತುಂಬುವವರೆಗೆ ಸಾಮಾನ್ಯವಾಗಿ ತಡೆಹಿಡಿಯುತ್ತಾರೆ. ನನ್ನ ವಯಸ್ಸಿನಲ್ಲಿ ಆ ತೊಡಕಿರಲಿಲ್ಲ. ಇನ್ನೂ ವಯಸ್ಸಾಗಿದ್ದರೆ ಪಕ್ಕೆಲುಬಿನ ಮೃದ್ವಸ್ಥಿ ಗಟ್ಟಿಯಾಗಿ ಕೆತ್ತಲು ಕಷ್ಟವಾಗುತ್ತಿತ್ತು.

ನನ್ನನ್ನು ಒಪ್ಪಿಸಿದ್ದು ಮಾತ್ರ ಈ ಯೋಜನೆಯಲ್ಲ, ಅದರ ಬೆನ್ನಿಗೇ ಅವರು ಹೇಳಿದ ಆಗದಿರುವ ಸಂಗತಿಗಳ ಪಟ್ಟಿ. “ಎರಡೂ ಹೊಳ್ಳಿ ಒಂದ ಥರಾ ಆಗ್ತಾವ ಅಂತ ನಾ ಹೇಳೂದಿಲ್ರಿ. ಹತ್ತಿರಕ್ಕ ಬರ್ತಾವ, ಅಷ್ಟ” ಎಂದರು. ತುಟಿಯ ಗಾಯದ ಗೆರೆ ತೆಳುವಾಗಬಹುದೇ ಹೊರತು ಅಳಿಸಿಹೋಗುವುದಿಲ್ಲ. ಮೂಗಿನ ತುದಿ ಮೊದಲಿನಂತೆ ಮೆತ್ತಗಿರದೆ ಗಟ್ಟಿಯಾಗುತ್ತದೆ. ಪಕ್ಕೆಲುಬಿನ ತುಂಡು ಕಾಲಕ್ರಮದಲ್ಲಿ ಬಾಗುವ ಸಾಧ್ಯತೆಯಿದೆ. ಎದೆಯ ಮೇಲೆ ಹೊಸದೊಂದು ಗಾಯದ ಗುರುತು ಬರುತ್ತದೆ. ಮೃದ್ವಸ್ಥಿ ತೆಗೆಯುವಾಗ ಶ್ವಾಸಕೋಶದ ಹೊದಿಕೆಗೆ ತೂತಾಗುವ ಅಪಾಯ ಕಡಿಮೆಯಾದರೂ ಇದ್ದೇ ಇದೆ. ಒಂದು ವರ್ಷದ ನಂತರ ಚಿಕ್ಕ ತಿದ್ದುಪಡಿ ಬೇಕಾಗಬಹುದು. ತಮ್ಮ ಹಳೆಯ ರೋಗಿಗಳ ಚಿತ್ರಗಳನ್ನು, ಅವರ ಲಿಖಿತ ಒಪ್ಪಿಗೆ ಇದ್ದವನ್ನು ಮಾತ್ರ, ತೋರಿಸಿದರು. ಅವು ಶಸ್ತ್ರಚಿಕಿತ್ಸೆಯಾದ ತಿಂಗಳಿನವಲ್ಲ, ವರ್ಷ ಕಳೆದವು. ಅವುಗಳಲ್ಲಿ ಮೂಗಿನ ತುದಿ ಮತ್ತೆ ಓರೆಯಾದ ಒಂದು ಚಿತ್ರವೂ ಇತ್ತು. ಅದು ಏಕೆ ಹಾಗಾಯಿತೆಂದು ಅವರು ತಾವಾಗಿ ವಿವರಿಸಿದರು. ನನ್ನ ಕೋರಿಕೆಯ ಮೇರೆಗೆ ಗೋಕಾಕದ ಕಡೆಯ ಒಬ್ಬ ಮಹಿಳೆಯನ್ನು ಕೇಳಿ, ಆಕೆ ಒಪ್ಪಿದ ಮೇಲೆ ಫೋನಿನಲ್ಲಿ ಮಾತಾಡಿಸಿದರು. ಆಕೆ ಮೂಗಿಗಿಂತ ಹೆಚ್ಚಾಗಿ ಎದೆಯ ನೋವಿನ ಬಗ್ಗೆ ಹೇಳಿದರು. ಆ ಎಚ್ಚರಿಕೆ ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಅದು ವೈದ್ಯಕೀಯ ವಿದ್ಯಾರ್ಥಿಗಳೂ ಕಲಿಯುವ ಆಸ್ಪತ್ರೆಯಾದ್ದರಿಂದ, ಚಾಕು ಹಿಡಿಯುವವರು ಯಾರೆಂದು ನೇರವಾಗಿ ಕೇಳಿದೆ. ಮೂಗಿನ ಕೆಲಸವನ್ನೂ ಮೃದ್ವಸ್ಥಿ ತೆಗೆಯುವುದನ್ನೂ ತಾವೇ ಮಾಡುವುದಾಗಿಯೂ, ಎದೆಯ ಗಾಯ ಮುಚ್ಚುವಾಗ ತಮ್ಮ ಎದುರಿನಲ್ಲೇ ಸ್ನಾತಕೋತ್ತರ ವಿದ್ಯಾರ್ಥಿ ನೆರವಾಗುವರೆಂದೂ ಹೇಳಿ ಅದನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆದರು. ಒಪ್ಪಿಗೆ ಪತ್ರವನ್ನು ಮೊದಲೇ ಮನೆಗೆ ಒಯ್ದು ಓದಿದೆ. ಅಣ್ಣ ಓದಿದ, ಅವ್ವನಿಗೆ ಓದಿ ಹೇಳಿದೆವು. ರೋಗಿಯ ಒಪ್ಪಿಗೆ ಯಾವ ಚಿಕಿತ್ಸೆಗೆ ಪಡೆದದ್ದೋ ಅದಕ್ಕೆ ಮಾತ್ರ ಅನ್ವಯಿಸುತ್ತದೆ, ಜೀವಕ್ಕೆ ಅಪಾಯವಿಲ್ಲದಾಗ ಅದನ್ನು ಬೇರೊಂದು ಶಸ್ತ್ರಚಿಕಿತ್ಸೆಗೆ ವಿಸ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಹೀಗಿರುವಾಗ ಶಸ್ತ್ರಚಿಕಿತ್ಸೆಯ ಕೊಠಡಿಯ ಬಾಗಿಲಲ್ಲಿ, ಅವಸರದಲ್ಲಿ, ಖಾಲಿ ಜಾಗಗಳಿರುವ ಪತ್ರಕ್ಕೆ ಸಹಿ ಹಾಕುವ ರೂಢಿ ನಮ್ಮಲ್ಲಿ ನಿಲ್ಲಲೇಬೇಕು.

ಖರ್ಚಿನ ವಿಷಯ. ವೈದ್ಯರ ಶುಲ್ಕ, ಅರಿವಳಿಕೆ, ಕೊಠಡಿ, ಔಷಧಿ, ಮುಂದಿನ ತಿದ್ದುಪಡಿಯ ಶುಲ್ಕ ಎಲ್ಲವನ್ನೂ ಬೇರೆ ಬೇರೆಯಾಗಿ ಬರೆಸಿಕೊಂಡೆ; ಒಟ್ಟು ಒಂದೂವರೆ ಲಕ್ಷ ರೂಪಾಯಿ ದಾಟಿತು. ನನ್ನ ಆರೋಗ್ಯ ವಿಮೆಯ ಕಂಪನಿ ಹಣ ಕೊಡಲು ನಿರಾಕರಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಏಕರೂಪದ ಷರತ್ತಿನಂತೆ ರೂಪ ಬದಲಿಸುವ ಶಸ್ತ್ರಚಿಕಿತ್ಸೆಗೆ ವಿಮೆ ಸಿಗುವುದು ಅಪಘಾತ, ಸುಟ್ಟ ಗಾಯ, ಕ್ಯಾನ್ಸರುಗಳ ನಂತರದ ಪುನರ್‌ರಚನೆಗೆ ಅಥವಾ ಆರೋಗ್ಯಕ್ಕೆ ನೇರವಾದ ಅಪಾಯವನ್ನು ನಿವಾರಿಸಲು ಅಗತ್ಯವಾದ ಚಿಕಿತ್ಸೆಗೆ ಮಾತ್ರ. ಹುಟ್ಟಿನಿಂದಲೇ ಬಂದ ಸೀಳು ಆ ಸಾಲಿನಲ್ಲಿ ಇಲ್ಲ. ಬೆಂಕಿ ಕೆಡಿಸಿದ ಮುಖವನ್ನು ತಿದ್ದುವುದು ಪುನರ್‌ರಚನೆಯಾಗುವುದಾದರೆ ಹುಟ್ಟಿಗೆ ಮುನ್ನವೇ ಕೂಡದೆ ಉಳಿದ ಮುಖವನ್ನು ತಿದ್ದುವುದು ಏಕೆ ಅಲ್ಲವೆಂಬುದು ನನಗೆ ಇನ್ನೂ ಅರ್ಥವಾಗಿಲ್ಲ, ಇದು ಅನ್ಯಾಯವೆಂದೇ ನಾನು ನಂಬುತ್ತೇನೆ. ಸಂಘದಲ್ಲಿ ನನ್ನ ಹೆಸರಿನಲ್ಲಿದ್ದ ಠೇವಣಿಯನ್ನು ಮುರಿಸಿ ಹಣ ಕಟ್ಟಿದೆ. ಸೀಳಿನೊಂದಿಗೆ ಹುಟ್ಟಿದ ಮಕ್ಕಳ ತಂದೆತಾಯಿಗಳು ಮಾತ್ರ ಹಣದ ಚಿಂತೆಯಿಂದ ಹಿಂಜರಿಯಬಾರದು. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ದೇಶದ ಅನೇಕ ಆಸ್ಪತ್ರೆಗಳಲ್ಲಿ ಸೀಳುತುಟಿ, ಸೀಳು ಅಂಗುಳಗಳ ಶಸ್ತ್ರಚಿಕಿತ್ಸೆ ಉಚಿತವಾಗಿ ನಡೆಯುತ್ತದೆ. ತುಟಿಯನ್ನು ಸುಮಾರು ಮೂರು ತಿಂಗಳ ಪ್ರಾಯದಲ್ಲಿಯೇ ಹೊಲಿಯುತ್ತಾರೆ.

ಸೋದರಮಾವ ಕೊನೆಯವರೆಗೂ ಇದನ್ನು ವಿದೇಶದ ಶೋಕಿ ಎಂದೇ ಕರೆಯುತ್ತಿದ್ದರು. ಅವರಿಗೆ ನಾನು ಕಾವಸ್‌ಜಿಯ ಕಥೆ ಹೇಳಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರ ಪಡೆಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಆತ ಟಿಪ್ಪುವಿನ ಕಡೆಯವರ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಕಡೆಯ ಒಬ್ಬ ಸ್ಥಳೀಯ ಚಿಕಿತ್ಸಕ ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗು ಕಟ್ಟಿದ. ಆ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು, ಅದನ್ನು ಓದಿಕೊಂಡು ಜೋಸೆಫ್ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯ 1814ರಲ್ಲಿ ಅಲ್ಲಿ ಇದೇ ಕ್ರಮದಲ್ಲಿ ಶಸ್ತ್ರಚಿಕಿತ್ಸೆ ಮಾಡಿದ. ಮಾವ ಒಪ್ಪಿದರೋ ಇಲ್ಲವೋ ತಿಳಿಯದು, ಆಸ್ಪತ್ರೆಗೆ ಬುತ್ತಿ ಮಾತ್ರ ಕಟ್ಟಿಕೊಂಡು ಬಂದರು.

ಹಿಂದಿನ ದಿನ ಅರಿವಳಿಕೆ ತಜ್ಞರು ಬಂದು ಬಾಯಿ ಎಷ್ಟು ಅಗಲ ತೆರೆಯುತ್ತದೆ, ಅಲುಗುವ ಹಲ್ಲಿದೆಯೇ, ಯಾವ ಗುಳಿಗೆ ಸೇವಿಸುತ್ತೀರಿ ಎಂದು ವಿಚಾರಿಸಿದರು. ರಕ್ತವನ್ನು ತೆಳುವಾಗಿಸುವ ಕೆಲವು ನೋವಿನ ಮಾತ್ರೆಗಳನ್ನು ವೈದ್ಯರ ಸೂಚನೆಯಂತೆ ಮೊದಲೇ ಬಿಟ್ಟಿದ್ದೆ. ಪಕ್ಕದ ಹಾಸಿಗೆಯ ಯುವಕನ ಶಸ್ತ್ರಚಿಕಿತ್ಸೆಯನ್ನು ಅವನ ಗುಟ್ಕಾ, ಬೀಡಿಯ ಚಟದ ಕಾರಣಕ್ಕೆ ಮುಂದಕ್ಕೆ ಹಾಕಿದ್ದರು. ಹೊಗೆಸೊಪ್ಪು ರಕ್ತನಾಳಗಳನ್ನು ಕುಗ್ಗಿಸಿ ಚರ್ಮಕ್ಕೆ ರಕ್ತ ಸಾಲದಂತೆ ಮಾಡುತ್ತದೆ, ಗಾಯ ಕೂಡುವುದಿಲ್ಲ. ಕನಿಷ್ಠ ನಾಲ್ಕು ವಾರ ಬಿಟ್ಟು ಬಾ ಎಂದು ಅವನಿಗೆ ಹೇಳಿದ್ದರು.

ಎಚ್ಚರವಾದಾಗ ಮೂಗಿನ ಎರಡೂ ಬದಿ ಕಟ್ಟಿತ್ತು, ಗಂಟಲು ಉರಿಯುತ್ತಿತ್ತು. ನೋವು ಮಾತ್ರ, ಗೋಕಾಕದ ಅಕ್ಕ ಹೇಳಿದ್ದಂತೆ, ಎದೆಯಲ್ಲಿ. ಕೆಮ್ಮಿದರೂ ನಕ್ಕರೂ ಹೊರಳಿದರೂ ಪಕ್ಕೆ ಕಿತ್ತು ಬರುತ್ತಿತ್ತು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೇ ಎದೆಯ ಗಾಯದಲ್ಲಿ ನೀರು ತುಂಬಿ ಶ್ವಾಸಕೋಶವನ್ನು ಉಬ್ಬಿಸಿ ಗಾಳಿಯ ಗುಳ್ಳೆ ಬರುವುದಿಲ್ಲ, ಎಂದರೆ ಹೊದಿಕೆಗೆ ತೂತಾಗಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದರಂತೆ. ಆದರೂ ಸಂಜೆ ಎದೆಯ ಎಕ್ಸ್‌ರೇ ತೆಗೆದರು. ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡಿದರೆ ಶ್ವಾಸಕೋಶದಲ್ಲಿ ಕಫ ಕಟ್ಟುವುದರಿಂದ, ಮೂರು ಚೆಂಡುಗಳ ಆಟಿಕೆಯಂಥ ಉಪಕರಣವನ್ನು ಬಾಯಿಂದ ಎಳೆಯುತ್ತ ಆಳವಾಗಿ ಉಸಿರಾಡುವ ಅಭ್ಯಾಸವನ್ನು ನರ್ಸಮ್ಮ ಬಿಡದೆ ಮಾಡಿಸಿದರು. ತಲೆ ಎತ್ತರಿಸಿ ಮಲಗಬೇಕು, ಸಿಂಬಳ ತೆಗೆಯಲು ಮೂಗಿನಿಂದ ಜೋರಾಗಿ ಊದಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಮೇಲ್ದುಟಿಯ ಹೊಲಿಗೆಯಿಂದಾಗಿ ರೊಟ್ಟಿ ಅಗಿಯುವಂತಿರಲಿಲ್ಲ. ಜೋಳದ ನುಚ್ಚು, ಮಜ್ಜಿಗೆ, ತೆಳ್ಳನೆಯ ಅಂಬಲಿಯಲ್ಲಿಯೇ ದಿನ ಕಳೆದೆ. ಒಂದು ವಾರದ ಹೊತ್ತಿಗೆ ಹೊಲಿಗೆಗಳನ್ನೂ ಮೂಗಿನ ಮೇಲಿನ ಅಚ್ಚನ್ನೂ ಒಳಗೆ ತಾತ್ಕಾಲಿಕವಾಗಿ ಇಟ್ಟಿದ್ದ ಸಿಲಿಕಾನ್ ಹಾಳೆಗಳನ್ನೂ ತೆಗೆದರು.

ಆ ದಿನ ಕನ್ನಡಿಯಲ್ಲಿ ಕಂಡದ್ದು ಊದಿದ, ಹಂದಾಡದ, ದಪ್ಪ ತುದಿಯ ಮೂಗು. ಹೀಗಿರುತ್ತದೆಂದು ಮೊದಲೇ ಹೇಳಿದ್ದರಿಂದ ಧೈರ್ಯಗೆಡಲಿಲ್ಲ. ಊತ ಬಹುಪಾಲು ಕೆಲವು ವಾರಗಳಲ್ಲಿ ಇಳಿದರೂ ಮೂಗಿನ ತುದಿಯ ನಿಜವಾದ ಆಕಾರ ತಿಳಿಯಲು ಒಂದು ವರ್ಷ, ಗಾಯದ ಚರ್ಮವಿರುವವರಲ್ಲಿ ಇನ್ನೂ ಹೆಚ್ಚು ಕಾಲ ಬೇಕು. ಇದನ್ನು ತಿಳಿಯದೆ ಎರಡನೆಯ ತಿಂಗಳಲ್ಲೇ ಇನ್ನೊಬ್ಬ ವೈದ್ಯರನ್ನು ಹುಡುಕಿಕೊಂಡು ಹೋಗಿ ಮತ್ತೆ ಕೊಯ್ಯಿಸಿಕೊಳ್ಳುವವರೂ ಇದ್ದಾರೆಂದು ವೈದ್ಯರು ವಿಷಾದದಿಂದ ಹೇಳಿದರು.

ತೊಡಕು ಬಂದದ್ದು ಆಮೇಲೆ. ಎಡ ಹೊಳ್ಳೆಯ ಒಳಗಿನ ಗಾಯ ಮಾಗುತ್ತ ಕುಗ್ಗತೊಡಗಿ, ತೆರೆದಿದ್ದ ದಾರಿ ಮತ್ತೆ ಕಿರಿದಾಗುವ ಸೂಚನೆ ಕಂಡಿತು. ನನಗದು ಗೊತ್ತಾಗಿರಲಿಲ್ಲ, ಊತವೆಂದೇ ಭಾವಿಸಿದ್ದೆ. ನಿಗದಿಯ ತಪಾಸಣೆಗೆ ಹೋದಾಗ ಅದೇ ತಣ್ಣನೆಯ ಪಟ್ಟಿಯನ್ನು ಹಿಡಿದು ವೈದ್ಯರು ಪತ್ತೆ ಹಚ್ಚಿದರು. ಹೊಳ್ಳೆಯೊಳಗೆ ಇಟ್ಟುಕೊಳ್ಳುವ ಮೆತ್ತನೆಯ ಸಿಲಿಕಾನ್ ಕೊಳವೆಯನ್ನು ಕೊಟ್ಟು ತಿಂಗಳುಗಟ್ಟಲೆ ರಾತ್ರಿ ಧರಿಸಲು ಹೇಳಿದರು. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ದಾರಿಯಾಗಿ ಬೆಳಗಾವಿಗೆ ಬೆಳಿಗ್ಗೆಯ ಬಸ್ಸು ಹಿಡಿದರೆ ಸಂಜೆಗೆ ಮನೆ ಸೇರಬಹುದು. ಕೊಳವೆಯ ಅಳತೆ ಬದಲಿಸಲು, ಒಳಗೆ ಚುಚ್ಚುಮದ್ದು ಹಾಕಿಸಿಕೊಳ್ಳಲು ನಾನು ಎಷ್ಟೋ ಸಲ ಹಾಗೆ ಹೋಗಿಬಂದೆ. ವೈದ್ಯರನ್ನು ಆರಿಸುವಾಗ ದೂರವನ್ನು ನಾನು ಲೆಕ್ಕಕ್ಕೆ ಹಿಡಿದದ್ದು ಖರ್ಚಿನ ದೃಷ್ಟಿಯಿಂದ. ಈಗ ಕೇಳುವವರಿಗೆ ಬೇರೆಯೇ ಕಾರಣ ಹೇಳುತ್ತೇನೆ: ಮೂಗಿನ ಫಲಿತಾಂಶ ಮೊದಲ ವರ್ಷದ ತಪಾಸಣೆಗಳಲ್ಲಿಯೂ ನಿರ್ಧಾರವಾಗುತ್ತದೆ, ಆದ್ದರಿಂದ ಮರಳಿ ಮರಳಿ ಹೋಗಲು ಸಾಧ್ಯವಿರುವ ಕಡೆಯೇ ಮಾಡಿಸಿಕೊಳ್ಳಬೇಕು. ಪ್ಯಾಕೇಜ್ ಮುಗಿದ ಮೇಲೆ ಫೋನೆತ್ತದ ಕೇಂದ್ರಗಳಿಂದ ಬಂದವರನ್ನು ಬೆಳಗಾವಿಯ ಆ ಹೊರರೋಗಿ ವಿಭಾಗದ ಬೆಂಚಿನ ಮೇಲೆ ನಾನು ಕಂಡಿದ್ದೇನೆ.

ಈಗ ಎರಡೂ ಹೊಳ್ಳೆಗಳಲ್ಲಿ ಉಸಿರಾಡುತ್ತೇನೆ, ಬಾಯಿ ಮುಚ್ಚಿ ಮಲಗುತ್ತೇನೆ. ನಡುವಿನ ಕಂಬ ನೆಟ್ಟಗಾಗಿದೆ, ಎಡ ಹೊಳ್ಳೆಗೆ ದುಂಡನೆಯ ಬಾಗು ಬಂದಿದೆ. ಬಲಗಡೆಗಿಂತ ಅದು ತುಸು ಚಿಕ್ಕದೇ. ತುಟಿಯ ಕಚ್ಚು ಹೋಗಿದೆ, ಗೆರೆ ಉಳಿದಿದೆ. ತುದಿಯನ್ನು ಒತ್ತಿದರೆ ಎಲುಬಿನಂತೆ ಗಟ್ಟಿ. ಎದೆಯ ಗುರುತು ಮಾಸುತ್ತಿದೆ. ನತ್ತು ಹಾಕಬೇಕೆಂಬುದು ಅವ್ವನ ಬಹುದಿನದ ಆಸೆ. ಒಳಗಿನ ಮೃದ್ವಸ್ಥಿಗೆ ಸೋಂಕು ತಗುಲಬಹುದಾದ್ದರಿಂದ ಎಡಗಡೆ ಚುಚ್ಚಿಸಬೇಡಿ ಎಂದು ವೈದ್ಯರು ಹೇಳಿದ್ದಾರೆ, ಅವ್ವ ಒತ್ತುವ ನತ್ತನ್ನು ತಂದಿಟ್ಟಿದ್ದಾಳೆ. ಎಡ ಹೊಳ್ಳೆಯ ಅಂಚನ್ನು ಸ್ಥಳೀಯ ಅರಿವಳಿಕೆಯಲ್ಲಿ ಇನ್ನಷ್ಟು ತಿದ್ದಬಹುದೆಂದೂ, ಬೇಡವೆಂದರೂ ನಷ್ಟವಿಲ್ಲವೆಂದೂ ವೈದ್ಯರು ತಿಳಿಸಿದರು. ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇನೆ.

ಕೂಸಿದ್ದಾಗ ಆದ ಶಸ್ತ್ರಚಿಕಿತ್ಸೆಯ ಒಂದು ತುಂಡು ಕಾಗದವೂ ನಮ್ಮ ಮನೆಯಲ್ಲಿರಲಿಲ್ಲ. 1997ರ ಆಗಸ್ಟಿನಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಗುವುದಕ್ಕೂ ಮುಂಚಿನ ಮಾತು ಅದು. ಎಲ್ಲಿ, ಯಾವ ವೈದ್ಯರು, ಯಾವ ರೀತಿ ಹೊಲಿದರೆಂಬುದು ಅವ್ವನಿಗೂ ಪೂರ್ತಿ ನೆನಪಿಲ್ಲ. ಹೀಗಾಗಿ ಬೆಳಗಾವಿಯ ವೈದ್ಯರು ಗಾಯದ ಗೆರೆಯ ಆಕಾರವನ್ನು ನೋಡಿಯೇ ಊಹಿಸಬೇಕಾಯಿತು. ಈ ಸಲ ಬಿಡುಗಡೆಯ ಚೀಟಿಯಷ್ಟಕ್ಕೇ ತೃಪ್ತಳಾಗದೆ ಶಸ್ತ್ರಚಿಕಿತ್ಸೆಯ ಪೂರ್ಣ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆದೆ. ಯಾವ ಪಕ್ಕೆಲುಬಿನಿಂದ ಎಷ್ಟು ತೆಗೆದರು, ಎಲ್ಲಿ ಇಟ್ಟರು, ಯಾವ ದಾರದಿಂದ ಕಟ್ಟಿದರು ಎಂಬುದೆಲ್ಲ ಅದರಲ್ಲಿದೆ. ಮುಂದೆ ಎಂದಾದರೂ ನನ್ನ ಮೂಗನ್ನು ಇನ್ನೊಬ್ಬ ವೈದ್ಯರು ಮುಟ್ಟಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಅದನ್ನೇ. ಒಂದು ಪ್ರತಿಯನ್ನು ಸಂಘದ ಲಾಕರಿನಲ್ಲಿ ಮನೆಯ ಪತ್ರಗಳ ಜೊತೆಗೂ, ಇನ್ನೊಂದನ್ನು ಅಣ್ಣನ ಬಳಿಯೂ ಇಟ್ಟಿದ್ದೇನೆ.